ಹುಣಸೆಹಣ್ಣು ತಿಂದ ಸ್ಲೈಡು

ಟ್ರಂಪೆಟ್ ಊದುವವನು ಎರಡು ಹಾಡಿನ ನಡುವೆ ವಾದ್ಯವನ್ನು ಕೆಳಮುಖವಾಗಿ ಇಳಿಬಿಟ್ಟು ನಿಲ್ಲುತ್ತಾನೆ. ಶ್ರುತಿಯ ಸ್ಲೈಡು, ಅಂದರೆ ಎಳೆದರೆ ಉದ್ದವಾಗಿ ತಳ್ಳಿದರೆ ಮೋಟಾಗುವ ಯು ಆಕಾರದ ಕೊಳವೆ, ವಾದ್ಯದಲ್ಲಿ ಮುಂದಕ್ಕೆ ಮುಖ ಮಾಡಿ ಕೂತಿರುತ್ತದೆ. ಸಡಿಲವಾಗಿದ್ದರೆ ಬೀಳಲು ಬೇರೆ ಕಾರಣ ಬೇಕಿಲ್ಲ. 1984ರ ಮೇ ತಿಂಗಳಲ್ಲಿ ನಂಜನಗೂಡಿನ ಒಂದು ದಿಬ್ಬಣದಲ್ಲಿ ನನ್ನದು ಬಿತ್ತು. ಟ್ಯೂಬ್‌ಲೈಟ್ ಹೊತ್ತವರ ಹಿಂದೆ ಬರುತ್ತಿದ್ದ ಜನರೇಟರ್ ಗಾಡಿಯ ಚಕ್ರ ಅದರ ಮೇಲೆ ಹತ್ತಿ ಇಳಿಯಿತು.

ನಮ್ಮ ಬ್ಯಾಂಡ್ ಮಾಸ್ತರರು ಹಿಂತಿರುಗಿ ನೋಡಿ, “ಬಾಯಿಗಿಟ್ಕೊಂಡು ಬೆರಳಾಡಿಸ್ತಾ ಬಾರೋ, ಊದಬೇಡ” ಅಂದರು. ಗಂಡಿನ ಕಡೆಯವರು ಹನ್ನೆರಡು ಜನಕ್ಕೆ ದುಡ್ಡು ಮಾತಾಡಿದ್ದರು, ತಲೆ ಎಣಿಸಿದರೆ ಹನ್ನೆರಡು ಸಿಗಬೇಕು, ಅಷ್ಟೆ. ಛತ್ರದ ಬಾಗಿಲವರೆಗೂ ಊದದೆಯೇ ಊದಿದೆ. ಯಾರಿಗೂ ಗೊತ್ತಾಗಲಿಲ್ಲ. ಹಳೇ ಬ್ಯಾಂಡ್‌ಸೆಟ್ಟುಗಳ ಸಂಗೀತ ಎಷ್ಟು ಚೆನ್ನಾಗಿತ್ತು ಎಂದು ಈಗ ಯಾರಾದರೂ ಶುರುಮಾಡಿದರೆ ನನಗೆ ಆ ರಾತ್ರಿ ನೆನಪಾಗುತ್ತದೆ.

ನಮ್ಮ ಸೆಟ್ಟಿನ ವಾದ್ಯಗಳೆಲ್ಲ ಮೀರತ್‌ನ ಜಲಿ ಕೋಠಿಯಿಂದ ಬಂದವು. ದೇಶದ ಮದುವೆ ಬ್ಯಾಂಡುಗಳಿಗೆ ಹಿತ್ತಾಳೆ ವಾದ್ಯ ಒದಗಿಸಿದ ಬೀದಿ ಅದು. ಸ್ಲೈಡು ಸಡಿಲವಾದಾಗೆಲ್ಲ ನಾವು ಮೀರತ್‌ನವರನ್ನು ಬೈಯುತ್ತಿದ್ದೆವು. ಅವರು ಕಳಿಸಿದಾಗ ಅದು ಸಡಿಲವಿರಲಿಲ್ಲ ಎನ್ನುವುದು ಯಾರ ತಲೆಗೂ ಹೊಳೆಯಲಿಲ್ಲ.

ಸಡಿಲ ಮಾಡಿದ್ದು ನಾವೇ. ಹಿತ್ತಾಳೆ ಅಂದ ಮೇಲೆ ಹುಣಸೆಹಣ್ಣು ಎನ್ನುವುದು ಮನೆಯಲ್ಲಿ ಕಲಿತ ಪಾಠ. ಮುಹೂರ್ತದ ಹಿಂದಿನ ದಿನ ಹಿತ್ತಲಲ್ಲಿ ಕೂತು, ನಾಲ್ಕೂ ಸ್ಲೈಡು ಕಿತ್ತು, ಕೊಡಪಾನ ಬೆಳಗಿದ ಹಾಗೆ ಹುಣಸೆಹಣ್ಣು, ಬೂದಿ, ಇಟ್ಟಿಗೆ ಪುಡಿ ಹಾಕಿ ತಿಕ್ಕುತ್ತಿದ್ದೆವು. ಕೊಡಪಾನದ ಹೊರಮೈ ಕೂದಲೆಳೆಯಷ್ಟು ಸವೆದರೆ ನೀರೇನೂ ಸೋರುವುದಿಲ್ಲ. ಸ್ಲೈಡಿನ ಒಳಕೊಳವೆಗೂ ಹೊರಕೊಳವೆಗೂ ನಡುವೆ ಇರಬೇಕಾದ ಸಂದಿ ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು. ಅಲ್ಲಿ ಇಟ್ಟಿಗೆ ಪುಡಿ ಹಾಕಿ ಉಜ್ಜುವುದೆಂದರೆ ಪ್ರತಿ ಲಗ್ನಕ್ಕೊಂದು ಪದರ ಹೆರೆದು ಚೆಲ್ಲಿದಂತೆ. ಹುಳಿ ಬೇರೆ ಹಿತ್ತಾಳೆಯೊಳಗಿನ ಸತುವನ್ನು ಎಳೆದು ಹಾಕುತ್ತದೆ. ತೊಳೆದ ಮೇಲೆ ಕಾಣುತ್ತಿದ್ದ ನಸುಗೆಂಪನ್ನು ನಾವು ಹೊಳಪೆಂದು ತಿಳಿದಿದ್ದೆವು.

ಮೈಸೂರು ಅರಮನೆ ಬ್ಯಾಂಡಿನಲ್ಲಿದ್ದು ನಿವೃತ್ತರಾದ ಒಬ್ಬ ಮುದುಕರು ನಮ್ಮ ಬೀದಿಯಲ್ಲೇ ಇದ್ದರು. ನಾವು ತಿಕ್ಕುವುದನ್ನು ನೋಡಿ, “ಪಾತ್ರೆ ಬೆಳಗೋ ಕೆಲಸಕ್ಕೆ ಸೇರ್ಕೊಳ್ರಪ್ಪ, ಸಂಬಳ ಜಾಸ್ತಿ ಸಿಗುತ್ತೆ” ಎಂದು ನಡೆದುಬಿಡುತ್ತಿದ್ದರು. ಯಾಕೆ ತಿಕ್ಕಬಾರದು ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಗೊತ್ತಿದ್ದವರು ಊರಲ್ಲಿದ್ದರೂ ವಿದ್ಯೆ ಒಂದು ಬೀದಿಯನ್ನೂ ದಾಟದೆ ಹೋದದ್ದಕ್ಕೆ ಅವರ ಬಿಗುಮಾನವೂ ಕಾರಣ, ನಮ್ಮ ಸೋಮಾರಿತನವೂ ಕಾರಣ.

ಸಡಿಲಕ್ಕೆ ನಮಗೆ ತಿಳಿದಿದ್ದ ಮದ್ದು ದಾರ. ಇದನ್ನು ಕಲಿತದ್ದು ವಾಲಗದವರಿಂದ. ನಾಗಸ್ವರದಲ್ಲಿ ಪೀಪಿ ಕೂರಿಸುವ ಲೋಹದ ನಳಿಗೆಗೆ ನೂಲು ಸುತ್ತಿ ಬಿಗಿ ಮಾಡುವುದು ಸರಿಯಾದ ಕ್ರಮವೇ. ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಕಂಡು ಮನಸೋತ ಸ್ಯಾಕ್ಸೊಫೋನಿನಲ್ಲೂ ಊದುಬಾಯಿ ಕೂರುವುದು ಕಾರ್ಕಿನ ಮೇಲೆ. ಅದು ಸೊರಗಿದರೆ ಒಂದು ಸುತ್ತು ಕಾಗದ ಹಾಕಿ ಆ ಹೊತ್ತಿನ ಕಛೇರಿ ಮುಗಿಸಬಹುದು. ಟ್ರಂಪೆಟ್ಟಿನ ಸ್ಲೈಡಿನಲ್ಲಿ ಲೋಹದ ಮೇಲೆ ಲೋಹ ಜಾರಬೇಕು. ದಾರ ಸುತ್ತಿದರೆ ಉಸಿರಿನ ನೀರು ಕುಡಿದು ಅದು ಉಬ್ಬುತ್ತದೆ, ಮಳೆಗಾಲ ಮುಗಿಯುವುದರೊಳಗೆ ಹಸಿರು ಕಿಲುಬು ಕಟ್ಟುತ್ತದೆ, ಆಮೇಲೆ ಸ್ಲೈಡು ಬರುವುದೇ ಇಲ್ಲ. ಅದನ್ನು ಕೀಳಲು ಇಬ್ಬರು ಎರಡು ಕಡೆ ನಿಂತು ಎಳೆಯಬೇಕು. ಕಿತ್ತಾಗ ಸ್ಲೈಡಿನ ಕಾಲು, ಅಂದರೆ ಯು ಆಕಾರದ ಒಂದು ಬದಿಯ ಕೊಳವೆ, ಸೊಟ್ಟಗಾಗಿ ಇನ್ನಷ್ಟು ಸಡಿಲ.

ಇನ್ನೊಂದು ಮದ್ದು ಕೊಬ್ಬರಿ ಎಣ್ಣೆ. ಅದು ಸುಮಾರು 24 ಡಿಗ್ರಿಗೆ ಕರಗುವ ವಸ್ತು. ಡಿಸೆಂಬರಿನ ಬೆಳಗಿನ ಜಾವ ಹೆಪ್ಪುಗಟ್ಟಿ ಸ್ಲೈಡನ್ನು ಬಂಕದಂತೆ ಹಿಡಿದುಕೊಳ್ಳುತ್ತಿತ್ತು. ಧಾರೆಯ ಹೊತ್ತಿಗೆ ನೀರಾಗಿ ಬೆರಳಲ್ಲಿ ಒತ್ತುವ ಪಿಸ್ಟನ್ನಿನೊಳಕ್ಕೆ ಇಳಿದು, ಸ್ಲೈಡನ್ನು ಬಿಟ್ಟು ಪಿಸ್ಟನ್ನನ್ನು ಹಿಡಿಯುತ್ತಿತ್ತು. ಧಾರೆಯ ಸಮಯದ ನಮ್ಮ ಅಪಸ್ವರಗಳಿಗೆ ಅರ್ಧ ಕಾರಣ ಕೊಬ್ಬರಿ ಎಣ್ಣೆ. ಉಳಿದರ್ಧ ನಾವು.

ಈಗ ನನ್ನ ಮನೆಯ ಮುಂದಿನ ಕೋಣೆಯಲ್ಲೇ ವಾದ್ಯಗಳ ರಿಪೇರಿ ಮಾಡುತ್ತೇನೆ. ಸ್ಲೈಡು ಸಡಿಲ ಎಂದು ಯಾರಾದರೂ ತಂದರೆ ಮೊದಲು ಗ್ರೀಸಿಗೆ ಕೈ ಹಾಕುವುದಿಲ್ಲ. ಹಳೇ ಜಿಡ್ಡು ತೊಳೆದು, ಸ್ಲೈಡನ್ನು ತಿರುಗಿಸಿ ಒಂದೇ ಕಾಲನ್ನು ಅದರ ಕೊಳವೆಗೆ ತೂರಿಸಿ ಬಿಡುತ್ತೇನೆ. ಸರ್ರನೆ ಇಳಿದರೆ ಆ ಕಾಲು ಸವೆದಿದೆ. ಆಮೇಲೆ ಇನ್ನೊಂದು ಕಾಲು. ಎಷ್ಟೋ ಸಲ ಸವೆದಿರುವುದು ಒಂದೇ, ಇನ್ನೊಂದು ಗಟ್ಟಿಮುಟ್ಟಾಗಿರುತ್ತದೆ. ಸವೆತ ಸ್ವಲ್ಪವಿದ್ದರೆ ಜೇನುಮೇಣ ಕರಗಿಸಿ ವ್ಯಾಸಲೀನಿಗೆ ಬೆರೆಸಿದ ಮಂದ ಗ್ರೀಸೇ ಸಾಕು. ಹೆಚ್ಚಿದ್ದರೆ ಒಳಗಿನಿಂದ ಹಿಗ್ಗಿಸಬೇಕು. ಉರುಳೆಗಳಿರುವ ಉಪಕರಣವನ್ನು ಕಾಲಿನೊಳಗೆ ಇಳಿಸಿ, ತಿರುಗಿಸುತ್ತಾ, ಉದ್ದಕ್ಕೂ ಸಮನಾಗಿ ಹಿಗ್ಗಿಸುತ್ತಾ ಹೋಗುವುದು. ಎರಡು ಸುತ್ತು, ಕ್ಯಾಲಿಪರ್ ಹಿಡಿದು ಅಳತೆ, ತೂರಿಸಿ ನೋಡುವುದು, ಮತ್ತೆ ಎರಡು ಸುತ್ತು. ಒಂದು ಕಾಲಿಗೆ ಮುಕ್ಕಾಲು ಗಂಟೆ ಹಿಡಿದದ್ದೂ ಇದೆ. ಹೆಚ್ಚು ಹಿಗ್ಗಿದರೆ ನಯವಾದ ಪುಡಿಯನ್ನು ಎಣ್ಣೆಗೆ ಕಲಸಿ ತಿಕ್ಕಿ ಕೂರಿಸಬೇಕು, ಆಮೇಲೆ ಒಂದು ಕಣವೂ ಉಳಿಯದಂತೆ ತೊಳೆಯಬೇಕು. ನಮ್ಮ ಮಾಸ್ತರರು ಗ್ಯಾರೇಜಿನಿಂದ ತಂದ ಚೂಪು ರಾಡನ್ನು ಕೊಳವೆಯ ತುದಿಗಿಟ್ಟು ಸುತ್ತಿಗೆಯಲ್ಲಿ ಎರಡೇಟು ಹಾಕುತ್ತಿದ್ದರು. ತುದಿ ಮಾತ್ರ ಅರಳಿ, ಸ್ಲೈಡು ಬಿಗಿಯಾಯಿತೆಂದು ತೋರುತ್ತಿತ್ತು. ಆ ಅರಳಿದ ಅಂಚು ಹೊರಕೊಳವೆಯ ಒಳಗೋಡೆಯನ್ನು ಉದ್ದಕ್ಕೂ ಗೀರುತ್ತಿತ್ತು.

ಆಗ ಇಷ್ಟೆಲ್ಲ ಬೇಕೆನಿಸದ್ದಕ್ಕೆ ಕಾರಣವಿದೆ. ನಾವು ಹನ್ನೆರಡು ಜನ ಒಬ್ಬರಿಗೊಬ್ಬರು ಸರಿಸುಮಾರು ಹೊಂದಿದರೆ ಮುಗಿಯಿತು, ಉಳಿದದ್ದನ್ನು ಡ್ರಮ್ಮು ಮುಚ್ಚಿಹಾಕುತ್ತಿತ್ತು. ಈಗ ಗಾಡಿಯ ಮೇಲೆ ಕೀಬೋರ್ಡ್ ಬರುತ್ತದೆ. ಅದರ ಶ್ರುತಿ 440 ಹರ್ಟ್ಸ್‌ಗೆ ನಿಂತಿದ್ದರೆ ಅಲ್ಲೇ, ಬಿಸಿಲಿಗೂ ಜಗ್ಗುವುದಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ, ಹಿತ್ತಾಳೆ ವಾದ್ಯದ ಶ್ರುತಿ ಅದರೊಂದಿಗೆ ಏರುತ್ತದೆ. ಏಪ್ರಿಲ್ ಮಧ್ಯಾಹ್ನದ ಮೆರವಣಿಗೆಯಲ್ಲಿ ಸ್ಲೈಡು ಎಳೆಯಲೇಬೇಕು. ಟ್ರಂಪೆಟ್ಟಿನ ಕೊಳವೆಯ ಒಟ್ಟು ಉದ್ದ ಸುಮಾರು 148 ಸೆಂ.ಮೀ.; ಒಂದು ಸೆಂ.ಮೀ. ಎಳೆದರೆ ಎರಡೂ ಕಾಲು ಸೇರಿ ಎರಡು ಸೆಂ.ಮೀ. ಬೆಳೆದು, ಶ್ರುತಿ ಅರೆಸ್ವರದ ಕಾಲುಭಾಗದಷ್ಟು ಇಳಿಯುತ್ತದೆ. ಎಳೆದಷ್ಟೂ ಕಾಲು ಕೊಳವೆಯೊಳಗೆ ಉಳಿಯುವುದು ಕಡಿಮೆ. ಸವೆದ ಸ್ಲೈಡು ಅಲ್ಲಾಡುವುದೂ ಗಾಳಿ ಬಿಡುವುದೂ ಆಗಲೇ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ಒಬ್ಬ ಹುಡುಗ ಟ್ರಂಪೆಟ್ ತಂದ. ಸ್ಲೈಡಿನ ಎರಡು ಕಾಲಿಗೂ ಬಿಳಿ ಪ್ಲಂಬರ್ ಟೇಪು. “ಅಂಕಲ್, ಟೇಪು ನಿಲ್ತಾ ಇಲ್ಲ, ಬೇರೆ ಏನಾದ್ರೂ ಸುತ್ತಿಕೊಡಿ” ಅಂದ. ಬಿಚ್ಚಿದರೆ ಒಳಗೆ ಅದೇ ನಸುಗೆಂಪು. ಎರಡೂ ಕಾಲು ಹಿಗ್ಗಿಸಿ, ಗ್ರೀಸು ಸವರಿ, ಎಲ್ಲಿಗೆ ಬಿಟ್ಟರೆ ಅಲ್ಲೇ ನಿಲ್ಲುವ ಹಾಗೆ ಮಾಡಿಕೊಟ್ಟೆ. 600 ರೂಪಾಯಿ ಅಂದದ್ದಕ್ಕೆ 500 ಕೊಟ್ಟ. ಯಾಕೆ ತಿಕ್ಕಬಾರದು ಎಂದು ಅವನು ಕೇಳದಿದ್ದರೂ ಹೇಳಿದೆ. ತಲೆಯಾಡಿಸಿದ.

ಆಯುಧಪೂಜೆಯ ಮಾರನೇ ದಿನ ಮತ್ತೆ ಬಂದ. ವಾದ್ಯ ಫಳಫಳ ಹೊಳೆಯುತ್ತಿತ್ತು. “ಹುಣಸೆಹಣ್ಣು ಮುಟ್ಟಿಸಿಲ್ಲ ಅಂಕಲ್, ಆಣೆಗೂ” ಅಂದ. ನಿಜವೇ, ಬರೀ ಬಟ್ಟೆಯಲ್ಲಿ ಒರೆಸಿದ್ದ. ಸ್ಲೈಡು ಮಾತ್ರ ಅಲುಗುತ್ತಿರಲಿಲ್ಲ. ಗ್ರೀಸಿನ ಸಂದಿಯಲ್ಲಿ ಅವನ ಅಮ್ಮ ಇಟ್ಟ ಅರಿಶಿನ ಕುಂಕುಮ ಕಲಸಿಕೊಂಡು ಕೆಂಪು ಗಾರೆಯಾಗಿತ್ತು.