ಇಸಿಜಿ ಕಾಗದವೂ ಕ್ರಿಯಾಟಿನಿನ್ ಚೀಟಿಯೂ

ಹೃದ್ರೋಗಿಯಿರುವ ಮನೆಯಲ್ಲಿ ಪಂಚಾಂಗದಷ್ಟೇ ಜೋಪಾನವಾಗಿ ಉಳಿಯುವ ವಸ್ತುವೆಂದರೆ ಫೈಲು. ಬೆಂಗಳೂರಿನ ಮೂಡಲಪಾಳ್ಯದಂಥ ಬಡಾವಣೆಯಲ್ಲಿ ರಕ್ತಪರೀಕ್ಷೆ ಮುಖ್ಯರಸ್ತೆಯ ಲ್ಯಾಬಿನಲ್ಲಿ, ಇಸಿಜಿ ನರ್ಸಿಂಗ್ ಹೋಮಿನಲ್ಲಿ, ದೊಡ್ಡ ತಪಾಸಣೆ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಆಗುವುದರಿಂದ, ಮೂರನ್ನೂ ಒಂದೆಡೆ ಸೇರಿಸುವ ಹೊಣೆ ಆ ಪ್ಲಾಸ್ಟಿಕ್ ಫೈಲಿನದೇ. ಈ ಪ್ರಬಂಧದ ಲೇಖಕರ ಮನೆಗೆ ತಂದೆಯ ಕಾಲದಿಂದ ಬಂದಿರುವ ಫೈಲಿನಲ್ಲಿ ಅತ್ಯಂತ ಹಳೆಯ ಇಸಿಜಿ ಇಂದು ಹೆಚ್ಚುಕಡಿಮೆ ಖಾಲಿ: ಗುಲಾಬಿ ಚೌಕಗಳು ಉಳಿದಿವೆ, ಗೆರೆ ಮಾಸಿಹೋಗಿದೆ; ಶಾಖಕ್ಕೆ ಕಪ್ಪಾಗುವ ಆ ಕಾಗದದ ಗುಣವೇ ಅಂಥದು.

ಆ ಗೆರೆಯ ಹುಟ್ಟು 20ನೆಯ ಶತಮಾನದ ಆರಂಭದ್ದು. ನೆದರ್‌ಲೆಂಡ್ಸಿನ ಲೈಡನ್ನಿನಲ್ಲಿ ವಿಲ್ಲೆಮ್ ಐಂಥೋವನ್ ರೂಪಿಸಿದ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು. ಹೃದಯದ ಸೂಕ್ಷ್ಮ ವಿದ್ಯುತ್ತು ಅದಕ್ಕೆ ತಲುಪಲು ರೋಗಿಯು ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕಿತ್ತು. 1924ರಲ್ಲಿ ಅವರಿಗೆ ನೊಬೆಲ್ ಬಂತು. ಇಂದು ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಒಂದು ಸಣ್ಣ ಚೌಕವೆಂದರೆ 0.04 ಸೆಕೆಂಡು, ಗೆರೆಯ ಅಲೆಗಳಿಗೆ ಅವರು ಇಟ್ಟ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳು ಮಾತ್ರ ಬದಲಾಗಿಲ್ಲ.

ಇವುಗಳಲ್ಲಿ ಟಿ ಅಲೆ ಮೂತ್ರಪಿಂಡದ ಸುದ್ದಿಯನ್ನೂ ಹೇಳಬಲ್ಲದು. ರಕ್ತದಲ್ಲಿನ ಪೊಟ್ಯಾಸಿಯಂ ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್‌ನೊಳಗೆ ಇರಬೇಕು. ಹೆಚ್ಚಾದುದನ್ನು ಹೊರಹಾಕುವುದು ಬಹುಮಟ್ಟಿಗೆ ಮೂತ್ರಪಿಂಡದ ಕೆಲಸ. ಅದು ಸೋತು ಪೊಟ್ಯಾಸಿಯಂ ಏರಿದಾಗ ಟಿ ಅಲೆ ಚೂಪಾಗಿ ಎದ್ದು ನಿಲ್ಲಬಹುದು, ಇನ್ನೂ ಏರಿದರೆ ಕ್ಯೂಆರ್‌ಎಸ್ ಅಗಲವಾಗಿ, ಬಡಿತ ನಿಂತೇ ಹೋಗಬಹುದು. ಇದಕ್ಕೆ ತದ್ವಿರುದ್ಧವಾಗಿ, ಎಷ್ಟೋ ಸಲ ಪೊಟ್ಯಾಸಿಯಂ ಅಪಾಯದ ಮಟ್ಟದಲ್ಲಿದ್ದರೂ ಗೆರೆ ಸುಮ್ಮನಿರುತ್ತದೆ. ಹಾಗಾಗಿ ಇಸಿಜಿ ಸರಿಯಿದೆಯೆಂದು ರಕ್ತಪರೀಕ್ಷೆಯನ್ನು ಕೈಬಿಡುವುದು ಜಾಣತನವಲ್ಲ. ಎರಡು ಅಂಗಗಳ ಈ ನಂಟನ್ನು ಲಂಡನ್ನಿನ ರಿಚರ್ಡ್ ಬ್ರೈಟ್ 1836ರಷ್ಟು ಹಿಂದೆಯೇ, ಮೂತ್ರಪಿಂಡದ ಕಾಯಿಲೆಯಿಂದ ಸತ್ತವರ ಹೃದಯ ದಪ್ಪವಾಗಿದ್ದುದನ್ನು ಕಂಡು, ಗುರುತಿಸಿದ್ದರು.

ಲ್ಯಾಬಿನ ಚೀಟಿಯಲ್ಲಿರುವ ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ತ್ಯಾಜ್ಯ. ಗರಡಿಯ ಪೈಲ್ವಾನನಿಗೂ ಕೃಶವಾದ ಅಜ್ಜಿಗೂ ಅದು 1.2 ಎಂದೇ ಬಂದರೂ ಅರ್ಥ ಒಂದೇ ಅಲ್ಲ; ವಯಸ್ಸು, ಲಿಂಗಗಳನ್ನು ಸೇರಿಸಿ ಲೆಕ್ಕ ಹಾಕುವ ಇಜಿಎಫ್‌ಆರ್, ಅಂದರೆ ಮೂತ್ರಪಿಂಡದ ಸೋಸುವ ವೇಗದ ಅಂದಾಜು, ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ದೀರ್ಘಕಾಲದ ಕಾಯಿಲೆಯೆಂದು ಎಣಿಸುತ್ತಾರೆ. ಈ ಅಂದಾಜು ಹೃದ್ರೋಗಿಗೂ ಮುಖ್ಯ: ಹೃದಯಕ್ಕೆಂದು ಕೊಡುವ ಡಿಗಾಕ್ಸಿನ್ ಮೂತ್ರಪಿಂಡದ ಮೂಲಕವೇ ಹೊರಹೋಗಬೇಕು. ಹೃದಯಕ್ಕೇ ಕೊಡುವ ಇನ್ನೊಂದು ಔಷಧಿ ಸ್ಪೈರೊನೊಲ್ಯಾಕ್ಟೋನ್ ಪೊಟ್ಯಾಸಿಯಂ ಏರಿಸುತ್ತದೆ. ಅದನ್ನು ಸೇವಿಸುವವರಿಗೆ, ಮೂತ್ರಪಿಂಡ ಸೋತವರಿಗೆ, ತಂಪೆಂದು ಪ್ರೀತಿಯಿಂದ ಕುಡಿಸುವ ಎಳನೀರೂ ಪೊಟ್ಯಾಸಿಯಂ ತುಂಬಿದ ಪಾನೀಯವೇ, ಸೋಡಿಯಂ ಕಡಿಮೆಯೆಂದು ಮಾರುವ ಉಪ್ಪಿನಲ್ಲಿ ಬೆರೆತಿರುವುದೂ ಬಹುತೇಕ ಅದೇ.

ಆದ್ದರಿಂದ ಹೃದ್ರೋಗವಿರುವವರು ಇಸಿಜಿ ಮಾಸುವ ಮೊದಲೇ ಅದರ ಜೆರಾಕ್ಸ್ ಮಾಡಿಸಿ, ಇತ್ತೀಚಿನ ಕ್ರಿಯಾಟಿನಿನ್, ಪೊಟ್ಯಾಸಿಯಂ ಚೀಟಿಯ ಜೊತೆಗೇ ವೈದ್ಯರ ಮುಂದಿಡಲಿ. ಎಳನೀರು ಕುಡಿಯಬಹುದೇ ಎಂಬುದನ್ನೂ ಅವರನ್ನೇ ಕೇಳಲಿ.