ಆನೆಮರಿ ನೋಡಿ ಅತ್ತವರಿಗೆ

ಸಾಕ್ಷ್ಯಚಿತ್ರವೆಂದರೆ ನಮ್ಮ ಕಾಲದವರಿಗೆ ಟಾಕೀಸಿನಲ್ಲಿ ಸಿನಿಮಾಕ್ಕೆ ಮುನ್ನ ತೋರಿಸುತ್ತಿದ್ದ ಫಿಲ್ಮ್ಸ್ ಡಿವಿಜನ್ನಿನ ಕಪ್ಪು-ಬಿಳುಪು ರೀಲು. ಅದು ಮುಗಿಯುವತನಕ ಹೊರಗೆ ನಿಂತು ಕಡಲೆಕಾಯಿ ತಿನ್ನುವುದೇ ರೂಢಿ. ಅಂಥವರ ಕಣ್ಣಲ್ಲೂ ನೀರು ತರಿಸಿದ್ದು ‘ದಿ ಎಲಿಫೆಂಟ್ ವಿಸ್ಪರರ್ಸ್’. ಮುದುಮಲೆಯ ತೆಪ್ಪಕಾಡು ಶಿಬಿರದಲ್ಲಿ ರಘು ಎಂಬ ತಬ್ಬಲಿ ಆನೆಮರಿಯನ್ನು ಸಾಕಿದ ಬೊಮ್ಮನ್-ಬೆಳ್ಳಿಯರ ಕತೆ. ಕಾರ್ತಿಕಿ ಗೊನ್ಸಾಲ್ವಿಸ್ ನಿರ್ದೇಶಿಸಿದ ಈ ಕಿರು ಸಾಕ್ಷ್ಯಚಿತ್ರಕ್ಕೆ 2023ರಲ್ಲಿ ಆಸ್ಕರ್ ಬಂತು. ಬಂಡೀಪುರ ದಾಟಿದರೆ ಮುದುಮಲೆಯೇ ತಾನೆ, ನಮ್ಮ ಮನೆಯದೇ ಕತೆ ಅನ್ನಿಸಿದ್ದು ಸಹಜ.

‘ಇಂಥದೇ ಇನ್ನೊಂದು ಇದ್ದರೆ ಹೇಳಿ’ ಎನ್ನುವವರು ಈಗಲೂ ಸಿಗುತ್ತಾರೆ. ಮತ್ತೊಂದು ಆನೆ ಚಿತ್ರದ ಹೆಸರು ಹೇಳಿದರೆ ಕೆಲಸ ಮುಗಿಯಿತು. ಆದರೆ ನಾನು ಮೊದಲು ಕೇಳುವುದು, ‘ನಿಮಗೆ ಅಳು ಬಂದದ್ದು ಎಲ್ಲಿ?’ ಎಂದು.

ಬೆಳ್ಳಿಯ ತಾಯ್ತನ ಕಂಡು ಎಂದರೆ, ‘ದಿ ಸ್ಟೋರಿ ಆಫ್ ದಿ ವೀಪಿಂಗ್ ಕ್ಯಾಮೆಲ್’ (2003) ನೋಡಿ. ಮಂಗೋಲಿಯದ ಗೋಬಿ ಮರುಭೂಮಿಯಲ್ಲಿ ಒಂಟೆಯೊಂದು ಕಷ್ಟದ ಹೆರಿಗೆಯ ನಂತರ ತನ್ನ ಬಿಳಿ ಮರಿಯನ್ನು ಹತ್ತಿರ ಸೇರಿಸುವುದಿಲ್ಲ. ಮನೆಯವರು ಪಟ್ಟಣದಿಂದ ವಾದ್ಯಗಾರನನ್ನು ಕರೆಸುತ್ತಾರೆ. ತಂತಿಯ ನಾದ ಕೇಳುತ್ತ ಒಂಟೆಯ ಕಣ್ಣಲ್ಲಿ ನೀರು, ಮರಿಗೆ ಹಾಲು.

ರಘುವನ್ನು ಬೇರೆಯವರ ಕೈಗೆ ಒಪ್ಪಿಸಿದಾಗ ಎಂದರೆ, 2021ರಲ್ಲಿ ಆಸ್ಕರ್ ಪಡೆದ ‘ಮೈ ಆಕ್ಟೋಪಸ್ ಟೀಚರ್’. ದಕ್ಷಿಣ ಆಫ್ರಿಕಾದ ಕಡಲಲ್ಲಿ ಕ್ರೇಗ್ ಫಾಸ್ಟರ್ ಆಕ್ಟೋಪಸ್ ಒಂದನ್ನು ದಿನವೂ ಹುಡುಕಿಕೊಂಡು ಹೋಗುತ್ತಾನೆ. ಶಾರ್ಕ್ ಅದರ ತೋಳು ಹರಿದಾಗಲೂ ನಡುವೆ ಹೋಗುವುದಿಲ್ಲ. ನಮ್ಮದಲ್ಲದ್ದನ್ನು ಪ್ರೀತಿಸುವ ಕಷ್ಟ ಅಲ್ಲಿದೆ.

ದಿನನಿತ್ಯದ ಆರೈಕೆ ಮನಸ್ಸಿಗೆ ತಟ್ಟಿತೆಂದರೆ, ಶೌನಕ್ ಸೇನ್ ಅವರ ‘ಆಲ್ ದಟ್ ಬ್ರೀತ್ಸ್’ (2022). ಗಾಳಿಪಟದ ಮಾಂಜಾಕ್ಕೆ ಸಿಕ್ಕಿ ರೆಕ್ಕೆ ಕೊಯ್ದುಕೊಂಡ ಹದ್ದುಗಳಿಗೆ ದೆಹಲಿಯ ನೆಲಮಾಳಿಗೆಯಲ್ಲಿ ಇಬ್ಬರು ಸೋದರರು ಚಿಕಿತ್ಸೆ ಮಾಡುತ್ತಾರೆ. ಹದ್ದು ಮಾಂಸ ತಿನ್ನುತ್ತದೆಂದು ಪಕ್ಷಿ ಆಸ್ಪತ್ರೆಯವರೇ ಸೇರಿಸಿಕೊಳ್ಳದೆ ಹೋದದ್ದರಿಂದ ಶುರುವಾದ ಕೆಲಸವಿದು.

ನಮ್ಮಕ್ಕನ ಪ್ರಶ್ನೆ ಮಾತ್ರ ಬೇರೆ. ಅವಳಿರುವುದು ಹಾಸನ ಜಿಲ್ಲೆ ಆಲೂರು ಕಡೆಯ ಹಳ್ಳಿಯಲ್ಲಿ. ಭತ್ತ ಹಾಲುಗಟ್ಟುವ ಹೊತ್ತಿಗೆ ಆನೆ ಇಳಿದರೆ ಬೆಳಗಾಗುವುದರೊಳಗೆ ಗದ್ದೆಯೆಲ್ಲ ಕೆಸರು. ಪಟಾಕಿ ಹಿಡಿದು ಜಾಗರಣೆ ಮಾಡುವ ಮನೆ ಅದು. ಅವಳೂ ರಘುವನ್ನು ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಮೆಲ್ಲಗೆ, ‘ಆ ಮರಿಯ ತಾಯಿ ಕರೆಂಟು ತಗುಲಿ ಸತ್ತಿತಂತಲ್ಲೋ. ಹೊಟ್ಟೆಗಿಲ್ಲದೆ ಯಾರದೋ ಗದ್ದೆಗೆ ಬಂದಿರಬೇಕು. ಆ ಗದ್ದೆಯವರ ಕತೆ ಯಾರೂ ತೆಗೆಯಲಿಲ್ವಾ?’ ಎಂದಳು.

ಅವಳಿಗೆ ನಾನು ತೋರಿಸಿದ್ದು ಆನೆಯೇ ಇಲ್ಲದ ‘ಹನಿಲ್ಯಾಂಡ್’ (2019). ಉತ್ತರ ಮ್ಯಾಸಿಡೋನಿಯದ ಕರೆಂಟಿಲ್ಲದ ಹಳ್ಳಿಯಲ್ಲಿ ಹತಿಜೆ ಎಂಬಾಕೆ ಮುದಿ ತಾಯಿಯೊಂದಿಗೆ ಇದ್ದಾಳೆ. ಜೇನು ಬಿಚ್ಚಿದಾಗ ಅರ್ಧ ನನಗೆ, ಅರ್ಧ ಹುಳುಗಳಿಗೆ ಎಂಬುದು ಅವಳ ನೇಮ. ಪಕ್ಕಕ್ಕೆ ಬಂದ ಮಕ್ಕಳೊಂದಿಗನು ವ್ಯಾಪಾರಿಯ ಒತ್ತಾಯಕ್ಕೆ ತನ್ನ ಪೆಟ್ಟಿಗೆಗಳ ತುಪ್ಪವನ್ನೆಲ್ಲ ತೆಗೆದು ಮಾರುತ್ತಾನೆ. ಹಸಿದ ಅವನ ಹುಳುಗಳು ಅವಳ ಗೂಡುಗಳ ಮೇಲೆ ಬೀಳುತ್ತವೆ. ‘ಅವನನ್ನು ಬಯ್ಯೋಣ ಅಂದ್ರೂ ಬಾಯಿ ಬರೋದಿಲ್ಲ ಕಣೋ, ಅಷ್ಟು ಮಕ್ಕಳು’ ಎಂದಳು ಅಕ್ಕ. ಹಾಗೆಂದು ಅವಳ ಗದ್ದೆಗೆ ಆನೆ ಬರುವುದು ನಿಂತಿಲ್ಲ. ಅವಳ ಜಾಗರಣೆಯೂ ತಪ್ಪಿಲ್ಲ.

ಒಂದೇ ಚಿತ್ರಕ್ಕೆ ಪುರುಸೊತ್ತು ಎನ್ನುವವರಿಗೂ ನಾನು ಹೇಳುವ ಹೆಸರು ಇದೇ. ಕಾಡಂಚಿನಲ್ಲಿ ಬೆಳೆ ತೆಗೆಯುವ ನೆಂಟರು ಮನೆಗೆ ಬಂದ ದಿನ ನೋಡಿ. ತೆರೆಯ ಕೆಳಗೆ ಮೂಡುವ ಇಂಗ್ಲಿಷ್ ಸಾಲುಗಳನ್ನು ಕನ್ನಡದಲ್ಲಿ ಹೇಳಲು ಮನೆಯ ಮಕ್ಕಳೊಬ್ಬರು ಪಕ್ಕದಲ್ಲಿದ್ದರೆ ಸಾಕು.