ಶಾಂತಿಕಾಲದ ಕರ್ತವ್ಯ

ನಾಲ್ಕು ದಶಕ ವ್ಯಾಪಾರದಲ್ಲಿ ಕಳೆದ ನನಗೆ ವಿಮಾಪತ್ರಗಳನ್ನು ಕೊನೆಯ ಸಾಲಿನವರೆಗೂ ಓದುವ ಅಭ್ಯಾಸವುಂಟು. ಬೆಂಕಿ ವಿಮೆಯಲ್ಲಿ ಯುದ್ಧದಿಂದಾದ ನಷ್ಟವನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಅಂಗಡಿಯ ಸರಕನ್ನಾದರೆ ಮತ್ತೆ ಕೊಳ್ಳಬಹುದು. ಪೂರ್ವಜರು ಬಿಟ್ಟುಹೋದ ದೇವಾಲಯಗಳಿಗೂ ಗ್ರಂಥಭಂಡಾರಗಳಿಗೂ ಯುದ್ಧಕಾಲದಲ್ಲಿ ರಕ್ಷಣೆ ಯಾವುದು ಎಂಬ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದೆ.

ಎರಡನೆಯ ಮಹಾಯುದ್ಧದ ವಿನಾಶವನ್ನು ಕಂಡ ರಾಷ್ಟ್ರಗಳು ಇದಕ್ಕಾಗಿಯೇ 1954ರಲ್ಲಿ ಹೇಗ್ ನಗರದಲ್ಲಿ ಒಂದು ಒಡಂಬಡಿಕೆಯನ್ನು ಮಾಡಿಕೊಂಡವು. ಭಾರತವು 1958ರಲ್ಲಿ ಅದನ್ನು ಅನುಮೋದಿಸಿತು. ಇಂತಹ ಸ್ಥಳಗಳ ಮೇಲೆ ದಾಳಿ ಮಾಡಕೂಡದು, ಅವುಗಳನ್ನು ಸೈನಿಕ ಕಾರ್ಯಕ್ಕೆ ಬಳಸಿ ಅಪಾಯಕ್ಕೆ ಒಡ್ಡಲೂ ಕೂಡದು ಎಂಬುದು ಅದರ ಸಾರ. ನೀಲಿ-ಬಿಳಿ ಗುರಾಣಿ ಅದರ ಲಾಂಛನ. ಆದರೆ ‘ಅನಿವಾರ್ಯ ಸೈನಿಕ ಅಗತ್ಯ’ವಿದ್ದಲ್ಲಿ ವಿನಾಯಿತಿಯುಂಟು. ಆ ಕಿಂಡಿಯನ್ನು 1999ರ ಎರಡನೆಯ ಪೂರಕ ಒಪ್ಪಂದವು, ಅದಕ್ಕೆ ಸೇರಿದ ರಾಷ್ಟ್ರಗಳ ಮಟ್ಟಿಗೆ, ಕಿರಿದುಗೊಳಿಸಿತು.

ಕಾಗದದ ಮೇಲಿನ ಮಾತು ಫಿರಂಗಿಯನ್ನು ತಡೆದೀತೇ ಎಂದು ವಾಚಕರು ಕೇಳಬಹುದು. ಇಂದಿನ ಕ್ರೊಯೇಷಿಯಾದಲ್ಲಿರುವ ಡುಬ್ರೊವ್ನಿಕ್‌ನ ಹಳೆಯ ಪಟ್ಟಣವು 1979ರಲ್ಲಿಯೇ ವಿಶ್ವಪರಂಪರೆಯ ಪಟ್ಟಿಗೆ ಸೇರಿತ್ತು. ಆದರೂ 1991ರ ಡಿಸೆಂಬರ್ 6ರಂದು ಯುಗೊಸ್ಲಾವ್ ಸೇನೆ ಅದರ ಮೇಲೆ ಷೆಲ್‌ಗಳನ್ನು ಸುರಿಸಿತು. ಇಬ್ಬರು ನಾಗರಿಕರು ಮಡಿದರು. ಆರು ಕಟ್ಟಡಗಳು ಪೂರ್ಣವಾಗಿ ನಾಶವಾದವು. ಆ ದಿನ ಕಾನೂನು ಸೋತಿತೆಂದೇ ಹೇಳಬೇಕು. ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ತಪ್ಪೊಪ್ಪಿಕೊಂಡ ನೌಕಾಧಿಕಾರಿ ಮಿಯೋದ್ರಾಗ್ ಯೋಕಿಚ್‌ಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿಯು 2004ರಲ್ಲಿ ಏಳು ವರ್ಷಗಳ ಸೆರೆವಾಸ ವಿಧಿಸಿತು. ಕಲ್ಲಿಗಿಂತ ಜೀವ ಹಿರಿದಲ್ಲವೇ ಎಂಬ ಆಕ್ಷೇಪಕ್ಕೂ ಇಲ್ಲಿ ಉತ್ತರವಿದೆ: ಜನರ ಕೊಲೆಯನ್ನೂ ಸ್ಮಾರಕಗಳ ನಾಶವನ್ನೂ ಅದೇ ತೀರ್ಪಿನಲ್ಲಿ ಅಪರಾಧಗಳೆಂದು ಎಣಿಸಲಾಯಿತು.

ಶಿಕ್ಷೆಯಿಂದ ಕಳೆದುಹೋದದ್ದು ಮರಳಿ ಬಾರದು. ಆದುದರಿಂದ ಒಡಂಬಡಿಕೆಯ ಮೂರನೆಯ ವಿಧಿಯೇ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ. ರಕ್ಷಣೆಯ ಸಿದ್ಧತೆಯನ್ನು ಶಾಂತಿಕಾಲದಲ್ಲಿಯೇ ಮಾಡಿಕೊಳ್ಳಬೇಕೆಂದು ಅದು ವಿಧಿಸುತ್ತದೆ. ಏನೇನು ಇದೆ ಎಂಬ ಪಟ್ಟಿ, ಬೆಂಕಿಯಿಂದ ಕಾಪಾಡುವ ಏರ್ಪಾಡು, ಸಾಗಿಸಬಹುದಾದ ವಸ್ತುಗಳನ್ನು ಎಲ್ಲಿಗೆ ಒಯ್ಯಬೇಕೆಂಬ ನಿರ್ಧಾರ, ಹೊಣೆ ಹೊರುವ ವ್ಯಕ್ತಿ: 1999ರ ಒಪ್ಪಂದವು ಇವನ್ನು ಬಿಡಿಸಿ ಹೇಳಿದೆ. ಇದು ಸರ್ಕಾರಗಳಿಗೆ ಹೇಳಿದ ಮಾತಾದರೂ, ಬಸದಿಯ ಒಳಗಿರುವ ವಿಗ್ರಹಗಳೆಷ್ಟು, ತಾಳೆಗರಿಯ ಕಟ್ಟುಗಳೆಷ್ಟು ಎಂಬುದು ಸರ್ಕಾರಕ್ಕಿಂತ ಮೊದಲು ಟ್ರಸ್ಟಿಗೆ ತಿಳಿದಿರಬೇಕಲ್ಲವೇ? ನಷ್ಟವಾದ ಮೇಲೆ ಬರೆದ ದಾಸ್ತಾನು ಪಟ್ಟಿಯನ್ನು ಯಾವ ವ್ಯಾಪಾರಿಯೂ ನಂಬುವುದಿಲ್ಲ.

ಧರ್ಮದರ್ಶಿಗಳಲ್ಲಿ ನನ್ನ ವಿನಂತಿ ಇಷ್ಟೇ. ಛಾಯಾಚಿತ್ರ, ಅಳತೆಗಳೊಡನೆ ಇಂತಹ ಪಟ್ಟಿಯೊಂದನ್ನು ಸಿದ್ಧಪಡಿಸಿ, ಅದರ ಒಂದು ಪ್ರತಿಯನ್ನು ಬೇರೊಂದು ಊರಿನಲ್ಲಿ ಭದ್ರವಾಗಿರಿಸಿರಿ. ಮುಂದಿನ ವಾರ್ಷಿಕ ಸಭೆಯಲ್ಲಿ ಜಮಾಖರ್ಚಿನೊಡನೆ ಈ ಕಾರ್ಯದ ವರದಿಯೂ ಮಂಡನೆಯಾಗಲಿ.